ಆ ರಾತ್ರಿ 'ಜೂಡಾಸ್' ಎಂದು ಕೂಗಿದ್ದು ಯಾರು? 1966ರ ಡಿಲನ್ ಪ್ರವಾಸ ಮತ್ತು ನೆನಪುಗಳ ಜಗಳ

ಹಾಡು ಮುಗಿದಿದೆ. ಚಪ್ಪಾಳೆ ಇಳಿಯುತ್ತಿದೆ. ವೇದಿಕೆ ಮೇಲೆ ಯಾರೋ ಗಿಟಾರ್ ತಂತಿ ಮೀಟಿ ಶ್ರುತಿ ನೋಡಿಕೊಳ್ಳುತ್ತಿದ್ದಾರೆ. ಆ ಖಾಲಿ ಹೊತ್ತಿನಲ್ಲಿ ಸಭೆಯ ಕತ್ತಲಿಂದ ಒಂದು ಗಂಡು ದನಿ ಬರುತ್ತದೆ: 'ಜೂಡಾಸ್!' ಕೆಲವರು ನಗುತ್ತಾರೆ, ಕೆಲವರು ಚಪ್ಪಾಳೆ ತಟ್ಟುತ್ತಾರೆ. ಗಾಯಕ ಸ್ವಲ್ಪ ಹೊತ್ತು ಬಿಟ್ಟು ಮೈಕ್‌ನಲ್ಲಿ ಹೇಳುತ್ತಾರೆ, 'ನಿನ್ನನ್ನು ನಾನು ನಂಬಲ್ಲ.' ಮತ್ತೆ ಒಂದು ಬಿಡುವು. 'ನೀನು ಸುಳ್ಳುಗಾರ.' ಆಮೇಲೆ ವಾದ್ಯದವರ ಕಡೆ ತಿರುಗಿ, ಒಂದು ಬೈಗುಳ ಸೇರಿಸಿ, ಜೋರಾಗಿ ಬಾರಿಸಿ ಅನ್ನುತ್ತಾರೆ. ಡ್ರಮ್ ಮೇಲೆ ಒಂದು ಪೆಟ್ಟು ಬೀಳುತ್ತದೆ. 'ಲೈಕ್ ಎ ರೋಲಿಂಗ್ ಸ್ಟೋನ್' ಶುರುವಾಗುತ್ತದೆ.

ಇದು 1966ರ ಮೇ 17, ಮಂಗಳವಾರ ರಾತ್ರಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ನಡೆದದ್ದು. ಹಾಡುತ್ತಿದ್ದವರು ಅಮೆರಿಕದ ಗಾಯಕ ಬಾಬ್ ಡಿಲನ್. ಆಗ ಅವರಿಗೆ 25 ತುಂಬಲು ಇನ್ನೊಂದು ವಾರ ಬಾಕಿ. ಜೂಡಾಸ್ ಅಂದರೆ ಕನ್ನಡ ಬೈಬಲಿನ ಇಸ್ಕರಿಯೋತ ಯೂದ, ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನೇ ಹಿಡಿದುಕೊಟ್ಟ ಶಿಷ್ಯ. ಕ್ರೈಸ್ತರ ನಾಡಿನಲ್ಲಿ ಒಬ್ಬನಿಗೆ ಇದಕ್ಕಿಂತ ಕೆಟ್ಟ ಹೆಸರು ಇಡೋಕೆ ಆಗಲ್ಲ. ಡಿಲನ್ ಯಹೂದಿ ಮನೆತನದವರು ಅನ್ನೋದನ್ನು ಸೇರಿಸಿಕೊಂಡರೆ ಆ ಪದ ಇನ್ನೂ ಚುಚ್ಚುತ್ತದೆ.

ಈ ಘಟನೆಗೆ ಟೇಪ್ ಇದೆ, ಫಿಲ್ಮ್ ಇದೆ. ಸಭೆಯಲ್ಲಿ ಕೂತಿದ್ದವರು ಸಾವಿರಾರು ಜನ. ಬಾರಿಸಿದವರು ಆತ್ಮಕಥೆ ಬರೆದರು, ಸಂದರ್ಶನ ಕೊಟ್ಟರು. ಆದರೂ ಆ ಪ್ರವಾಸದ ಬಗ್ಗೆ ಕೇಳಿದವರ ನೆನಪಿಗೂ ಬಾರಿಸಿದವರ ನೆನಪಿಗೂ ತಾಳ ಕೂಡುವುದಿಲ್ಲ. ಕೂಗಿದ್ದು ಯಾರು, ಯಾವ ಊರಲ್ಲಿ, ಯಾಕೆ, ಎಲ್ಲದಕ್ಕೂ ಎರಡೆರಡು ಉತ್ತರ. ಒಂದು ಸಂಗೀತ ಪ್ರವಾಸದ ನೆನಪು ಇಷ್ಟು ಗೋಜಲಾಗುವುದು ಹೇಗೆ ಅಂತ ಒಂದೊಂದೇ ಎಳೆ ಬಿಡಿಸಿ ನೋಡೋಣ.

ಮೊದಲು, ಜನ ಯಾಕೆ ಸಿಟ್ಟಾದರು?

'ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದರು, ಫೋಕ್ ಅಭಿಮಾನಿಗಳು ಸಿಟ್ಟಾದರು.' ಇದು ಎಲ್ಲರಿಗೂ ಗೊತ್ತಿರುವ ಒಂದು ಸಾಲಿನ ಉತ್ತರ. (ಫೋಕ್ ಅಂದರೆ ಜನಪದ ಧಾಟಿಯ ಹಾಡು.) ಸುಳ್ಳಲ್ಲ, ಆದರೆ ಸಾಲದು. 'ಲೈಕ್ ಎ ರೋಲಿಂಗ್ ಸ್ಟೋನ್' ಬಿಡುಗಡೆಯಾಗಿದ್ದು 1965ರ ಜುಲೈನಲ್ಲಿ. ಅಮೆರಿಕದಲ್ಲಿ ಅದು ಎರಡನೇ ಸ್ಥಾನದವರೆಗೆ, ಬ್ರಿಟನ್ನಿನಲ್ಲಿ ನಾಲ್ಕನೇ ಸ್ಥಾನದವರೆಗೆ ಏರಿತ್ತು. ಅಂದರೆ ಮ್ಯಾಂಚೆಸ್ಟರ್‌ಗೆ ಟಿಕೆಟ್ ತಗೊಂಡು ಬಂದವರಿಗೆ ಡಿಲನ್ ಬದಲಾಗಿದ್ದಾರೆ ಅಂತ ಹತ್ತು ತಿಂಗಳ ಹಿಂದೆಯೇ ಗೊತ್ತಿತ್ತು. ಗೊತ್ತಿದ್ದೂ ಬಂದು ಸಿಟ್ಟಾದರೇ?

ಕಾರಣ ಹುಡುಕಲು ಒಂದು ವರ್ಷ ಹಿಂದೆ ಹೋಗಬೇಕು. 1965ರ ಮೇ 7ರಂದು ಇದೇ ಫ್ರೀ ಟ್ರೇಡ್ ಹಾಲ್‌ನಲ್ಲಿ ಡಿಲನ್ ಹಾಡಿದ್ದರು. ಒಬ್ಬರೇ. ಒಂದು ಮರದ ಗಿಟಾರ್, ಕತ್ತಿಗೆ ತಗುಲಿಸಿದ ಹಾರ್ಮೋನಿಕಾ, ಅಷ್ಟೇ. ಬ್ರಿಟನ್ನಿನ ಅಭಿಮಾನಿಗಳ ಕಣ್ಣಲ್ಲಿ ಕೂತಿದ್ದು ಆ ಚಿತ್ರ. ರೇಡಿಯೊದಲ್ಲಿ ಬಂದ ಗದ್ದಲದ ಹಾಡನ್ನು ಅವರು ಹೇಗೋ ಸಹಿಸಿಕೊಂಡಿದ್ದರು. ಎದುರಿಗೆ ಬಂದಾಗ ಹಳೆಯ ಡಿಲನ್ನೇ ಬರುತ್ತಾರೆ ಅನ್ನೋ ಆಸೆ.

ಅಮೆರಿಕದಲ್ಲಿ ಗಲಾಟೆ ಆಗಲೇ ಶುರುವಾಗಿತ್ತು. 1965ರ ಜುಲೈ 25ರಂದು ನ್ಯೂಪೋರ್ಟ್ ಫೋಕ್ ಉತ್ಸವದಲ್ಲಿ ಡಿಲನ್ ಮೊದಲ ಸಲ ಬ್ಯಾಂಡ್ ಕಟ್ಟಿಕೊಂಡು ಮೂರು ಹಾಡು ಹಾಡಿದರು. ಅಲ್ಲಿಂದಲೇ ನೆನಪಿನ ಜಗಳವೂ ಶುರು. ಫೋಕ್ ಗಾಯಕ ಪೀಟ್ ಸೀಗರ್ ಕೊಡಲಿ ಹಿಡಿದು ಮೈಕ್‌ನ ತಂತಿ ಕಡಿಯಲು ಹೋದರು ಅನ್ನೋ ಕಥೆ ಇವತ್ತಿಗೂ ಓಡಾಡುತ್ತದೆ. ಸೀಗರ್ ತಾವೇ ಮುಂದೆ ವಿವರಿಸಿದ್ದು ಬೇರೆ: ಧ್ವನಿ ಒಡೆದು ಹಾಡಿನ ಮಾತು ಕೇಳಿಸುತ್ತಿರಲಿಲ್ಲ, ಕೊಡಲಿ ಇದ್ದಿದ್ದರೆ ತಂತಿ ಕಡಿಯುತ್ತಿದ್ದೆ ಅಂತ ಹೇಳಿದ್ದು ನಿಜ. ಅವರ ಮಾತಿನಲ್ಲಿ 'ಇದ್ದಿದ್ದರೆ' ಅಂತ ಬಂದ ಕೊಡಲಿಯನ್ನು ಹೇಳುವವರು ಅವರ ಕೈಗೇ ಕೊಟ್ಟುಬಿಟ್ಟರು! ಅಂದು ಆರ್ಗನ್ ಬಾರಿಸಿದ ಅಲ್ ಕೂಪರ್ ಇನ್ನೊಂದು ಕಾರಣ ಕೊಡುತ್ತಾರೆ. ಉತ್ಸವದ ದೊಡ್ಡ ತಾರೆ ಮೂರೇ ಹಾಡಿಗೆ ಇಳಿದುಹೋದದ್ದಕ್ಕೆ ಜನ ಕೂಗಿದ್ದಂತೆ. ಒಂದೇ ಕೂಗಾಟ, ಆಗಲೇ ಮೂರು ಕಾರಣ.

ಬ್ರಿಟನ್ನಿನಲ್ಲಿ ಇದಕ್ಕೆ ಇನ್ನೊಂದು ಪದರ ಇತ್ತು. ಅಲ್ಲಿ ಫೋಕ್ ಹಾಡಿನ ಕ್ಲಬ್‌ಗಳು ನಡೆಯುತ್ತಿದ್ದದ್ದು ಸಾಮಾನ್ಯವಾಗಿ ಪಬ್‌ಗಳ ಮಹಡಿಯ ಕೋಣೆಯಲ್ಲಿ, ಮೈಕ್ ಇಲ್ಲದೆ. ಹಾಡುವವರಿಗೂ ಕೇಳುವವರಿಗೂ ನಡುವೆ ಎರಡು ಮಾರು ದೂರ. ಫೋಕ್ ಗಾಯಕ ಯುವಾನ್ ಮೆಕಾಲ್‌ರ ಕ್ಲಬ್‌ನಲ್ಲಂತೂ ಪ್ರತಿಯೊಬ್ಬರೂ ತಮ್ಮ ನಾಡಿನ, ತಮ್ಮ ಭಾಷೆಯ ಹಾಡನ್ನೇ ಹಾಡಬೇಕು ಅನ್ನುವ ನಿಯಮವೇ ಇತ್ತು. ಈ ಜಗತ್ತಿಗೆ ಎಡಪಂಥದ ನಂಟು ಗಟ್ಟಿ. ಹಾಡು ದುಡಿಯುವ ಜನರದ್ದು, ಪಾಪ್ ಸಂಗೀತ ವ್ಯಾಪಾರಿಗಳದ್ದು. ಅವರ ಪಾಲಿಗೆ ಎಲೆಕ್ಟ್ರಿಕ್ ಗಿಟಾರ್ ಬರೀ ವಾದ್ಯ ಅಲ್ಲ, ಪಕ್ಷಾಂತರದ ಬಾವುಟ. ಬೇರೇನೂ ಅಲ್ಲದೆ 'ಜೂಡಾಸ್' ಅನ್ನೋ ಪದವೇ ಬಂದದ್ದು ಅದಕ್ಕೇ. ಅದು ಕೆಟ್ಟ ಗಾಯಕನಿಗೆ ಬೈಯುವ ಮಾತಲ್ಲ, ದ್ರೋಹಿಗೆ ಬೈಯುವ ಮಾತು.

ಇಲ್ಲಿ ಒಂದು ತಮಾಷೆ ಹೇಳಲೇಬೇಕು. ಶಿಕಾಗೊದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1958ರಲ್ಲಿ ಬ್ರಿಟನ್ನಿಗೆ ಎಲೆಕ್ಟ್ರಿಕ್ ಗಿಟಾರ್ ತಂದಾಗ, ಇದು ಬರೀ ಕಿರುಚಾಟ ಅಂತ ಕೆಲವರು ಮೂಗು ಮುರಿದರು. ಅವರು ಅದನ್ನು ಮನಸ್ಸಲ್ಲಿಟ್ಟುಕೊಂಡು 1963ರಲ್ಲಿ ಮರದ ಗಿಟಾರ್ ತಂದರು. ಅಷ್ಟರಲ್ಲಿ ಹೊಸ ಹುಡುಗರು ಬಂದಿದ್ದರು. ಅವರಿಗೆ ಬೇಕಿದ್ದದ್ದು ಎಲೆಕ್ಟ್ರಿಕ್!

ಇನ್ನು ಕಾರ್ಯಕ್ರಮದ ರಚನೆ. ನನ್ನ ಪ್ರಕಾರ ಸಿಟ್ಟಿನ ಅರ್ಧ ಪಾಲು ಇದರಲ್ಲಿದೆ. ಪ್ರತಿ ರಾತ್ರಿ ಎರಡು ಭಾಗ. ಮೊದಲರ್ಧದಲ್ಲಿ ಡಿಲನ್ ಒಬ್ಬರೇ, ಏಳು ಹಾಡು. ಸೂಜಿ ಬಿದ್ದರೂ ಕೇಳುವಷ್ಟು ಮೌನ. ಬಿಡುವಿನ ನಂತರ ಬ್ಯಾಂಡ್ ಜೊತೆ ಎಂಟು ಹಾಡು. ಯುರೋಪಿನುದ್ದಕ್ಕೂ ಹೆಚ್ಚುಕಮ್ಮಿ ಇದೇ ಪಟ್ಟಿ. ಅಂದರೆ ಪ್ರೇಕ್ಷಕರಿಗೆ ಮೊದಲು ಬೇಕಾದದ್ದನ್ನು ಬಡಿಸಿ, ಬಾಯಿ ಚಪ್ಪರಿಸುವ ಹೊತ್ತಿಗೆ ತಟ್ಟೆ ಎಳೆದುಕೊಂಡ ಹಾಗೆ. ಮೊದಲರ್ಧಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಆದರೆ ಆ ಏಳು ಹಾಡುಗಳಲ್ಲಿ ಒಂದೂ ಹಳೆಯ ಪ್ರತಿಭಟನೆಯ ಹಾಡಲ್ಲ! ಎಲ್ಲ ಕನಸು ಕನಸಾದ, ಅರ್ಥ ಜಾರುವ ಹಾಡುಗಳು. ಅದರಲ್ಲಿ ಮೂರು ಸಭಿಕರು ಅದುವರೆಗೆ ಕೇಳಿಯೇ ಇರದವು, ಯಾಕೆಂದರೆ ಅವಿದ್ದ 'ಬ್ಲಾಂಡ್ ಆನ್ ಬ್ಲಾಂಡ್' ಇನ್ನೂ ಅಂಗಡಿಗೆ ಬಂದಿರಲಿಲ್ಲ. ಡಿಲನ್ ಬದಲಾಗಿದ್ದು ಪದಗಳಲ್ಲಿ, ಅದು ಮೊದಲರ್ಧದಲ್ಲೇ ಆಗಿತ್ತು. ಕೈಯಲ್ಲಿ ಮರದ ಗಿಟಾರ್ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ, ಅಷ್ಟೇ.

ಎರಡನೇ ಅರ್ಧದ ಮೊದಲ ಹಾಡು 'ಟೆಲ್ ಮಿ, ಮಾಮಾ' ಯಾರಿಗೂ ಪರಿಚಯ ಇಲ್ಲದ್ದು. ಡಿಲನ್ ಅದನ್ನು ಸ್ಟುಡಿಯೊ ಆಲ್ಬಂನಲ್ಲಿ ಯಾವತ್ತೂ ಹೊರತರಲಿಲ್ಲ. ಮುಂದಿನ ಕೆಲವು ಹಾಡುಗಳು ಇನ್ನೂ ದೊಡ್ಡ ಏಟು. 'ಒನ್ ಟೂ ಮೆನಿ ಮಾರ್ನಿಂಗ್ಸ್'ನಂಥ ಮೆಲುದನಿಯ ಹಳೆಯ ಹಾಡುಗಳನ್ನೇ ತಗೊಂಡು, ಡ್ರಮ್ ಬಡಿದು, ರಾಗ ತಿರುಚಿ ಹಾಡಿದರು. ಹೊಸ ಹಾಡು ಗದ್ದಲವಾಗಿದ್ದರೆ ಹೇಗೋ ಸಹಿಸಬಹುದು. ನಾವು ಮನೆಯಲ್ಲಿ ಗುನುಗುವ ಹಾಡನ್ನೇ ನಮ್ಮೆದುರು ಚಿಂದಿ ಮಾಡಿದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ವೇದಿಕೆ ಮೇಲಿದ್ದವರು

ಡಿಲನ್ ಜೊತೆ ಬಾರಿಸುತ್ತಿದ್ದ ತಂಡದ ಹೆಸರು ಹಾಕ್ಸ್. ರಾಬಿ ರಾಬರ್ಟ್‌ಸನ್, ರಿಕ್ ಡ್ಯಾಂಕೊ, ರಿಚರ್ಡ್ ಮ್ಯಾನುಯೆಲ್, ಗಾರ್ತ್ ಹಡ್ಸನ್, ನಾಲ್ವರೂ ಕೆನಡಾದವರು. ಐದನೆಯವರು ಅಮೆರಿಕದ ಆರ್ಕನ್ಸಾದ ಡ್ರಮ್ಮರ್ ಲೀವನ್ ಹೆಲ್ಮ್. ಮುಂದೆ 'ದ ಬ್ಯಾಂಡ್' ಎಂದು ಹೆಸರಾದವರು ಇವರೇ. ಇವರಿಗೆ ಫೋಕ್ ಲೋಕದ ನಂಟು ಇರಲಿಲ್ಲ. ರಾನಿ ಹಾಕಿನ್ಸ್ ಎಂಬ ರಾಕ್ ಗಾಯಕನ ಹಿಂದೆ ಬಾರಿಸುತ್ತಾ, ಕುಡಿತದ ಕ್ಲಬ್‌ಗಳಲ್ಲಿ ಪಳಗಿದವರು. ಜನ ಕುಣಿಯುವುದನ್ನು ನೋಡಿದ್ದರು. ಟಿಕೆಟ್ ಕೊಂಡು ಬಂದು ಬೂ ಅನ್ನುವುದನ್ನು ನೋಡಿರಲಿಲ್ಲ.

1965ರ ಸೆಪ್ಟೆಂಬರ್‌ನಿಂದ ಉತ್ತರ ಅಮೆರಿಕದಲ್ಲಿ ಊರೂರಿಗೂ ಇದೇ ಪಾಡು. ನವೆಂಬರ್ ಕೊನೆಗೆ ಹೆಲ್ಮ್ ಸಾಕಪ್ಪಾ ಎಂದು ಬಿಟ್ಟು ಹೋದರು. ಹೋಗಿ ಸೇರಿದ್ದು ಮೆಕ್ಸಿಕೊ ಕೊಲ್ಲಿಯ ಎಣ್ಣೆ ಬಾವಿಯ ಕೆಲಸಕ್ಕೆ. ಬೈಸಿಕೊಂಡು ಡ್ರಮ್ ಬಾರಿಸುವುದಕ್ಕಿಂತ ಸಮುದ್ರದ ಮಧ್ಯೆ ಮೈಮುರಿಯುವುದೇ ವಾಸಿ ಅನ್ನಿಸಿತ್ತು ಅಂದರೆ ಲೆಕ್ಕ ಹಾಕಿ. ಇಬ್ಬರು ಡ್ರಮ್ಮರ್ ಬಂದುಹೋದ ಮೇಲೆ, ವಿಶ್ವ ಪ್ರವಾಸಕ್ಕೆ ಮಿಕಿ ಜೋನ್ಸ್ ಬಂದರು. ಟೇಪ್‌ನಲ್ಲಿ ಕೇಳುವ ಬಂದೂಕಿನಂಥ ಆ ಪೆಟ್ಟು ಅವರದ್ದು. ಅವರು 8 ಎಂಎಂ ಕ್ಯಾಮೆರಾ ಹಿಡಿದು ಪ್ರವಾಸದುದ್ದಕ್ಕೂ ಚಿತ್ರ ತೆಗೆಯುತ್ತಿದ್ದರು. ಗಲಾಟೆಯ ನಡುವೆಯೂ ಲೋಕ ಸುತ್ತಲು ಬಂದ ಖುಷಿ ಅವರದ್ದು.

ವಿಶ್ವ ಪ್ರವಾಸ ಏಪ್ರಿಲ್ 9ಕ್ಕೆ ಹೊನೊಲುಲುವಿನಲ್ಲಿ ಶುರುವಾಗಿ, ಆಸ್ಟ್ರೇಲಿಯಾ, ಸ್ಟಾಕ್‌ಹೋಮ್, ಕೋಪನ್‌ಹೇಗನ್ ಸುತ್ತಿ, ಮೇ 5ಕ್ಕೆ ಡಬ್ಲಿನ್ ಮುಟ್ಟಿತು. ಆಮೇಲೆ ಬ್ರಿಟನ್ನಿನ ಒಂದೊಂದೇ ಊರು. ಮೇ 24ಕ್ಕೆ, ಡಿಲನ್ ಹುಟ್ಟುಹಬ್ಬದ ದಿನ, ಪ್ಯಾರಿಸ್. ಅಲ್ಲಿ ವೇದಿಕೆ ಹಿಂದೆ ದೊಡ್ಡ ಅಮೆರಿಕದ ಬಾವುಟ ಕಟ್ಟಿಸಿದ್ದರು. ವಿಯೆಟ್ನಾಂ ಯುದ್ಧದ ಕಾಲ ಅದು, ಬೇಕಂತಲೇ ಕೆಣಕಿದ್ದು. ಕೊನೆಗೆ ಮೇ 26 ಮತ್ತು 27, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್.

ರಾಬರ್ಟ್‌ಸನ್ ಮುಂದೆ ಎಷ್ಟೋ ಸಲ ಹೇಳಿಕೊಂಡ ಒಂದು ದೃಶ್ಯ ಇದೆ. ಕಾರ್ಯಕ್ರಮ ಮುಗಿಸಿ ಹೋಟೆಲಿಗೆ ಬಂದು, ಆ ರಾತ್ರಿಯ ಟೇಪ್ ಹಾಕಿಕೊಂಡು ಕೇಳುತ್ತಿದ್ದರಂತೆ. ಇಷ್ಟು ಬೈಸಿಕೊಳ್ಳುವಂಥದ್ದು ಏನು ಬಾರಿಸಿದ್ದೇವೆ ಅಂತ ನೋಡೋಕೆ. ಕೇಳಿದರೆ, ಚೆನ್ನಾಗಿಯೇ ಇದೆಯಲ್ಲ! ತಪ್ಪು ನಮ್ಮದಲ್ಲ, ಲೋಕದ್ದು ಅನ್ನೋ ತೀರ್ಮಾನಕ್ಕೆ ಬಂದರು.

ಕಥೆ ಗೋಜಲಾಗುವುದು ಸರಿಯಾಗಿ ಈ ಜಾಗದಲ್ಲಿ.

ಮೈಕ್ ಕೇಳಿದ್ದು, ಜನ ಕೇಳಿದ್ದು

ಆ ಟೇಪ್ ಹೇಗೆ ಮಾಡಿದ್ದು ಅಂತ ತಿಳಿದರೆ ಜಗಳದ ಮುಕ್ಕಾಲು ಪಾಲು ಬಗೆಹರಿಯುತ್ತದೆ. ಪ್ರವಾಸದ ಧ್ವನಿ ನೋಡಿಕೊಳ್ಳುತ್ತಿದ್ದವರು ರಿಚರ್ಡ್ ಆಲ್ಡರ್ಸನ್. ವೇದಿಕೆಯ ಮೈಕ್‌ಗಳಿಂದ ಬರುವ ಧ್ವನಿಯನ್ನು ಸ್ಪೀಕರ್‌ಗಳಿಗೆ ಕಳಿಸುವಾಗಲೇ ಅದರ ಒಂದು ಎಳೆಯನ್ನು ಅವರು ಟೇಪ್ ರೆಕಾರ್ಡರಿಗೂ ಕೊಡುತ್ತಿದ್ದರು. ಸಾಕ್ಷ್ಯಚಿತ್ರ ನಿರ್ದೇಶಕ ಡಿ. ಎ. ಪೆನ್ನೆಬೇಕರ್ ಪ್ರವಾಸದ ಚಿತ್ರೀಕರಣ ನಡೆಸುತ್ತಿದ್ದರು. ಆ ಚಿತ್ರಕ್ಕೆ ಧ್ವನಿ ಬೇಕಿತ್ತು. ಇದಲ್ಲದೆ ಷೆಫೀಲ್ಡ್, ಮ್ಯಾಂಚೆಸ್ಟರ್, ಲಂಡನ್‌ಗಳಲ್ಲಿ ರೆಕಾರ್ಡ್ ಕಂಪನಿ ಸಿಬಿಎಸ್ ತನ್ನದೇ ಸಲಕರಣೆ ತಂದು ಮುದ್ರಿಸಿಕೊಂಡಿತು. ಎರಡೂ ಬಗೆಯಲ್ಲಿ ಮೈಕ್ ಇದ್ದದ್ದು ಬಾಯಿಯ ಹತ್ತಿರ, ವಾದ್ಯದ ಹತ್ತಿರ.

ಸಭಿಕರ ಕಿವಿ ಇದ್ದದ್ದು ನೂರಡಿ ದೂರ. ಅದೂ ಎಂಥ ಕಟ್ಟಡಗಳಲ್ಲಿ? ಫ್ರೀ ಟ್ರೇಡ್ ಹಾಲ್ 1850ರ ದಶಕದ ಕಟ್ಟಡ. 1940ರ ಬಾಂಬ್ ದಾಳಿಯಲ್ಲಿ ಒಳಗೆಲ್ಲ ಹಾಳಾಗಿ, 1951ರಲ್ಲಿ ಮತ್ತೆ ತೆರೆಯಿತು. ಹ್ಯಾಲೆ ಎಂಬ ಹೆಸರಾಂತ ಆರ್ಕೆಸ್ಟ್ರಾಕ್ಕೆ ಆಗ ಅದೇ ಮನೆಯಾಗಿತ್ತು. ಪಿಟೀಲಿನ ದನಿ ಹರಡಲಿ ಅಂತ ಇಂಥ ಸಭಾಂಗಣಗಳಲ್ಲಿ ಅನುರಣನ ಜಾಸ್ತಿ ಇಡುತ್ತಾರೆ. ಅಲ್ಲಿ ಡ್ರಮ್ ಬಡಿದರೆ ಒಂದು ಪೆಟ್ಟು ಗೋಡೆಗೆ ಹೊಡೆದು ವಾಪಸ್ ಬರುವಷ್ಟರಲ್ಲಿ ಇನ್ನೊಂದು ಪೆಟ್ಟು ಬಿದ್ದಿರುತ್ತದೆ. ಎಲ್ಲ ಕಲಸಿಹೋಗುತ್ತದೆ, ಮೊದಲು ಮುಳುಗುವುದು ಮಾತು. ಡಿಲನ್ ಹಾಡಿಗೆ ಮಾತೇ ಜೀವ. ರಾಯಲ್ ಆಲ್ಬರ್ಟ್ ಹಾಲ್ ಇನ್ನೂ ಕಷ್ಟ. ಬ್ರಿಟನ್ನಿನ ಸಂಗೀತಗಾರನಿಗೆ ತನ್ನ ಕೃತಿ ಎರಡು ಸಲ ಕೇಳುವ ಭಾಗ್ಯ ಸಿಗುವುದು ಅಲ್ಲಿ ಮಾತ್ರ ಅನ್ನೋ ಹಳೆಯ ಜೋಕ್ ಇದೆ, ಪ್ರತಿಧ್ವನಿ ಅಷ್ಟು ಹೆಸರುವಾಸಿ. ಅದನ್ನು ತಗ್ಗಿಸಲು ಚಾವಣಿಯಿಂದ ಅಣಬೆಯಂಥ ತಟ್ಟೆಗಳನ್ನು ಇಳಿಬಿಟ್ಟಿದ್ದು 1969ರಲ್ಲಿ. ಡಿಲನ್ ಬಂದುಹೋಗಿ ಮೂರು ವರ್ಷವಾದ ಮೇಲೆ.

ರಾಕ್ ಸಂಗೀತಕ್ಕೆ ಬೇಕಾದ ಧ್ವನಿ ವ್ಯವಸ್ಥೆಯೇ ಆಗ ಸರಿಯಾಗಿ ಹುಟ್ಟಿರಲಿಲ್ಲ. ಈಗ ಹಾಡುವವರ ಮುಂದೆ ಅವರಿಗೇ ಕೇಳಲೆಂದು ಇಡುವ ಮಾನಿಟರ್ ಸ್ಪೀಕರ್ ಕೂಡ ಇರಲಿಲ್ಲ. ವೇದಿಕೆ ಮೇಲಿದ್ದವರಿಗೆ ಹಿಂದಿನ ಆಂಪ್ಲಿಫೈಯರ್ ಕೇಳುತ್ತಿತ್ತು, ಸಭೆಯ ಕೂಗು ಕೇಳುತ್ತಿತ್ತು. ಸಭೆಯವರಿಗೆ ಏನು ಕೇಳುತ್ತಿದೆ ಅನ್ನೋದು ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಹೋಟೆಲಿನಲ್ಲಿ ಕೂತು ಅವರು ಕೇಳಿದ ಟೇಪ್ ಸಭೆಯ ಅನುಭವವೇ ಅಲ್ಲ. ಇತ್ತ ಸಭೆಯವರಿಗೆ ಆ ಟೇಪ್‌ನ ಸ್ಪಷ್ಟತೆ ಸಿಕ್ಕಿರಲೇ ಇಲ್ಲ. ಚೆನ್ನಾಗಿತ್ತು ಅಂದ ವಾದ್ಯದವರೂ ಸುಳ್ಳು ಹೇಳಲಿಲ್ಲ, ಕೇಳೋಕಾಗಲಿಲ್ಲ ಅಂದ ಅಭಿಮಾನಿಗಳೂ ಸುಳ್ಳು ಹೇಳಲಿಲ್ಲ.

ನನಗೆ ಇದು ಹೊಳೆದದ್ದು 'ಜೂಡಾಸ್ ಎಂದವನು ನಾನೇ' ಅಂತ ಮುಂದೆ ಬಂದವರ ಮಾತು ಓದುವಾಗ. ಇಬ್ಬರು ಹಾಗೆ ಹೇಳಿಕೊಂಡರು. ಇಬ್ಬರೂ ಬಾಯಿಬಿಟ್ಟಿದ್ದು ಮೂವತ್ತು ವರ್ಷ ಕಳೆದ ಮೇಲೆ, ಆ ಮುದ್ರಿಕೆ ಅಧಿಕೃತವಾಗಿ ಹೊರಬಂದು ಸುದ್ದಿಯಾದಾಗ. ಒಬ್ಬರು ಅಂದು ರಾತ್ರಿ ಸಭಾಂಗಣದಿಂದ ಹೊರಬರುತ್ತಾ ಪೆನ್ನೆಬೇಕರ್ ತಂಡದ ಕ್ಯಾಮೆರಾ ಎದುರು ಸಿಟ್ಟು ಕಾರಿದ ಹುಡುಗ. ಅವರ ಮುಖ ಫಿಲ್ಮ್‌ನಲ್ಲೇ ಇದೆ. ತನಗೆ ಇಷ್ಟವಾದ ಹಳೆಯ ಹಾಡುಗಳನ್ನು ಕೆಡಿಸಿದ್ದಕ್ಕೆ ಕೂಗಿದೆ ಎಂದರು. ಇನ್ನೊಬ್ಬರು ಹೇಳಿದ ಕಾರಣ ಬೇರೆ. ಎಲೆಕ್ಟ್ರಿಕ್ ಬಾರಿಸಿದ್ದಕ್ಕಲ್ಲ, ಅಷ್ಟು ಕೆಟ್ಟ ಧ್ವನಿ ವ್ಯವಸ್ಥೆಯಲ್ಲಿ ಬಾರಿಸಿದ್ದಕ್ಕೆ ಸಿಟ್ಟು ಬಂತು, ಈಗ ಡಿಸ್ಕ್‌ನಲ್ಲಿ ಕೇಳುವ ಹಾಗೆ ಅಲ್ಲಿ ಇರಲೇ ಇಲ್ಲ, ಬರೀ ಕಲಸುಮೇಲೋಗರ ಅಂತ. ಟೇಪ್‌ನಲ್ಲಿರುವುದು ಒಂದೇ ಒಂದು ಪದ. ಅಷ್ಟರಿಂದ ಇದು ಇಂಥವರದೇ ದನಿ ಅಂತ ತೀರ್ಮಾನಿಸೋಕೆ ಆಗಲ್ಲ. ಇಬ್ಬರೂ ಈಗಿಲ್ಲ. ನನಗಂತೂ ಯಾರು ಕೂಗಿದರು ಅನ್ನೋದಕ್ಕಿಂತ ಆ ಎರಡು ಕಾರಣಗಳೇ ಮುಖ್ಯ ಅನ್ನಿಸುತ್ತವೆ. ಸಭೆಯಲ್ಲಿ ಎರಡು ಥರದ ಸಿಟ್ಟು ಅಕ್ಕಪಕ್ಕ ಕೂತಿತ್ತು.

ತಪ್ಪು ಊರು

ಇನ್ನು ಊರಿನ ಗೊಂದಲ. ಈ ಮ್ಯಾಂಚೆಸ್ಟರ್ ಮುದ್ರಿಕೆ ಬಹುಕಾಲ ಅಧಿಕೃತವಾಗಿ ಹೊರಬರಲಿಲ್ಲ. 1970ರ ಸುಮಾರಿಗೆ ಅದು ಬೂಟ್‌ಲೆಗ್ ಆಗಿ, ಅಂದರೆ ಕಳ್ಳಮುದ್ರಿಕೆಯಾಗಿ, ಕೈಯಿಂದ ಕೈಗೆ ಓಡಾಡಲು ಶುರುವಾಯಿತು. ಅದರ ಮೇಲೆ ಯಾರೋ 'ರಾಯಲ್ ಆಲ್ಬರ್ಟ್ ಹಾಲ್' ಎಂದು ಬರೆದರು. ಕಂಪನಿ ಲಂಡನ್ನಿನಲ್ಲೂ ಮುದ್ರಿಸಿಕೊಂಡಿತ್ತಲ್ಲ, ತಪ್ಪಾಗುವುದು ಸುಲಭ. ಪ್ರವಾಸದ ಕೊನೆಯ ರಾತ್ರಿ, ಬೀಟಲ್ಸ್ ತಂಡದವರೇ ಬಂದು ಕೂತ ಸಭಾಂಗಣ, ರಾಜಧಾನಿ ಬೇರೆ. ಅಂಥ ಕೂಗು ಅಲ್ಲೇ ಬಿದ್ದಿರಬೇಕು ಅಂತ ನಂಬೋಕೆ ಯಾರಿಗೂ ಕಷ್ಟವಾಗಲಿಲ್ಲ.

ಹೀಗೆ ಲಕ್ಷಾಂತರ ಕಿವಿಗಳಲ್ಲಿ 'ಜೂಡಾಸ್' ಲಂಡನ್ನಿಗೆ ವರ್ಗವಾಯಿತು. 1998ರಲ್ಲಿ ಕಂಪನಿ ಅದನ್ನು ಅಧಿಕೃತವಾಗಿ ಬಿಡುಗಡೆ ಮಾಡುವಾಗ ಮ್ಯಾಂಚೆಸ್ಟರ್ ಅನ್ನೋದು ಗೊತ್ತಿತ್ತು. ಆದರೂ ಹೆಸರಿನಲ್ಲಿ 'ರಾಯಲ್ ಆಲ್ಬರ್ಟ್ ಹಾಲ್' ಅಂತಲೇ ಇಟ್ಟು, ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿದರು. ತಪ್ಪು ಅಷ್ಟು ಪ್ರಸಿದ್ಧವಾಗಿತ್ತು, ತಿದ್ದಿದರೆ ಜನಕ್ಕೆ ಗುರುತೇ ಸಿಗುತ್ತಿರಲಿಲ್ಲ. 2016ರಲ್ಲಿ ನಿಜವಾದ ಆಲ್ಬರ್ಟ್ ಹಾಲ್ ಕಾರ್ಯಕ್ರಮವನ್ನು ಹೊರತಂದಾಗ ಹೆಸರಿಗೆ 'ನಿಜವಾದ' ಅನ್ನೋ ಪದವನ್ನೇ ಸೇರಿಸಬೇಕಾಯಿತು.

ನೆನಪು ಕೆಲಸ ಮಾಡುವ ಬಗೆ

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುವ ಗಾದೆಯನ್ನು ಮನೋವಿಜ್ಞಾನದವರು ಪ್ರಯೋಗದಲ್ಲಿ ತೋರಿಸಿದ್ದಾರೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲ್ಮ್ ತೋರಿಸಿದರು. ಕೆಲವರಿಗೆ ಕಾರುಗಳು 'ತಾಗಿದಾಗ' ವೇಗ ಎಷ್ಟಿತ್ತು ಅಂತ ಕೇಳಿದರು, ಕೆಲವರಿಗೆ 'ಅಪ್ಪಳಿಸಿದಾಗ' ಅಂತ. ವಾರದ ನಂತರ ಒಡೆದ ಗಾಜು ಕಂಡಿರಾ ಎಂದರೆ, 'ಅಪ್ಪಳಿಸಿದಾಗ' ಕೇಳಿಸಿಕೊಂಡವರಲ್ಲಿ ಹೌದು ಅಂದವರು ಜಾಸ್ತಿ. ಫಿಲ್ಮ್‌ನಲ್ಲಿ ಗಾಜೇ ಒಡೆದಿರಲಿಲ್ಲ. ಒಂದು ಪದ ವಾರದೊಳಗೆ ಗಾಜು ಒಡೆಯುವುದಾದರೆ, ಮೂವತ್ತು ವರ್ಷ ಎಲ್ಲರ ಬಾಯಲ್ಲೂ ಓಡಾಡಿದ 'ಜೂಡಾಸ್' ಏನೇನು ಮಾಡಿರಬೇಡ? ಪ್ರೇಕ್ಷಕರಲ್ಲಿ ಎಷ್ಟೋ ಜನರಿಗೆ ಆ ಕೂಗು ಈಗ ನೆನಪಿದೆ. ಅದರಲ್ಲಿ ಸಭೆಯಲ್ಲಿ ಕೇಳಿದ್ದೆಷ್ಟು, ಆಮೇಲೆ ಟೇಪ್‌ನಲ್ಲಿ ಕೇಳಿ ಸೇರಿಕೊಂಡಿದ್ದೆಷ್ಟು, ಅವರಿಗೇ ಬೇರೆ ಮಾಡೋಕೆ ಬರಲ್ಲ.

ನೆನಪು ಸ್ಪಷ್ಟವಾಗಿದ್ದರೆ ಸರಿಯಾಗಿರಲೇಬೇಕು ಅಂತಲೂ ಇಲ್ಲ. 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ, ಸುದ್ದಿ ತಿಳಿದಾಗ ಎಲ್ಲಿದ್ದಿರಿ ಅಂತ ಮನೋವಿಜ್ಞಾನಿ ಉಲ್ರಿಕ್ ನೈಸರ್ ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಎರಡೂವರೆ ವರ್ಷದ ನಂತರ ಅವರನ್ನೇ ಕೇಳಿದರೆ, ಎಷ್ಟೋ ಜನ ಬೇರೆಯೇ ಕಥೆ ಹೇಳಿದರು, ಪೂರ್ತಿ ಧೈರ್ಯದಿಂದ. ತಮ್ಮ ಕೈಬರಹವನ್ನೇ ಎದುರಿಗಿಟ್ಟರೂ ಹೊಸ ನೆನಪನ್ನು ಬಿಟ್ಟುಕೊಡಲು ಕೆಲವರಿಗೆ ಮನಸ್ಸಾಗಲಿಲ್ಲ.

ಅಭಿಮಾನಿಯ ನೆನಪಿಗೂ ವಾದ್ಯದವರ ನೆನಪಿಗೂ ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಅಭಿಮಾನಿ ಹೋದದ್ದು ಒಂದೇ ರಾತ್ರಿ. ಅದು ಒಂದು ಫೋಟೊ. ವರ್ಷ ಕಳೆದ ಹಾಗೆ ಬಣ್ಣ ಬಳಿಯುತ್ತಾ ಹೋಗುತ್ತಾರೆ. ವಾದ್ಯದವರು ಬಾರಿಸಿದ್ದು ಹತ್ತಾರು ರಾತ್ರಿ, ಅವವೇ ಹಾಡು, ಒಂದೇ ಥರದ ಸಭಾಂಗಣ. ಅವರ ತಲೆಯಲ್ಲಿ ಎಲ್ಲ ರಾತ್ರಿಗಳೂ ಬೆರೆತು ಒಂದೇ ರಾತ್ರಿಯಾಗಿಬಿಡುತ್ತವೆ. ಅದೇ ನೈಸರ್ ಇದಕ್ಕೆ ಒಳ್ಳೆಯ ಉದಾಹರಣೆ ಹುಡುಕಿದ್ದರು. ಅಮೆರಿಕದ ಅಧ್ಯಕ್ಷ ನಿಕ್ಸನ್‌ರ ವಕೀಲ ಜಾನ್ ಡೀನ್ 1973ರಲ್ಲಿ ವಾಟರ್‌ಗೇಟ್ ಹಗರಣದ ವಿಚಾರಣೆಯಲ್ಲಿ ನಿಕ್ಸನ್ ಜೊತೆಗಿನ ಮಾತುಕತೆಗಳನ್ನು ಪುಟಗಟ್ಟಲೆ ಒಪ್ಪಿಸಿದರು. ಆಮೇಲೆ ಆ ಮಾತುಕತೆಗಳ ಟೇಪ್‌ಗಳು ಸಿಕ್ಕವು. 1981ರಲ್ಲಿ ನೈಸರ್ ಎರಡನ್ನೂ ಹೋಲಿಸಿ ನೋಡಿದರು. ಯಾವ ದಿನ ಯಾರು ಏನೆಂದರು ಅನ್ನೋದು ಬಹಳ ಕಡೆ ತಪ್ಪು. ಒಟ್ಟು ಏನು ನಡೆಯುತ್ತಿತ್ತು ಅನ್ನೋದು ಸರಿ.

'ಪ್ರತಿ ರಾತ್ರಿ ಬೂ ಅಂದರು' ಅನ್ನುವ ಹಾಕ್ಸ್ ತಂಡದ ನೆನಪೂ ಇದೇ ಜಾತಿಯದ್ದು. ಟೇಪ್ ಹಾಕಿದರೆ ಎಷ್ಟೋ ಕಡೆ ಚಪ್ಪಾಳೆಯೂ ಜೋರಾಗಿದೆ. ಮ್ಯಾಂಚೆಸ್ಟರ್‌ನಲ್ಲೂ ಇದೆ. ಅಲ್ಲಿ ಡಿಲನ್‌ರನ್ನು ಕಾಡಿದ್ದು ಹೆಚ್ಚಾಗಿ ಬೂ ಅಲ್ಲ, ನಿಧಾನ ತಾಳದ ಚಪ್ಪಾಳೆ. ಎಲ್ಲರೂ ಒಟ್ಟಿಗೆ ತಟ್... ತಟ್... ತಟ್... ಅಂತ ಹೊಡೆಯುವುದು. ಬ್ರಿಟನ್ನಿನಲ್ಲಿ ಅದರ ಅರ್ಥ 'ಸಾಕು, ಏಳಪ್ಪಾ'. ಡಿಲನ್ ಅದಕ್ಕೆ ಒಂದು ಉಪಾಯ ಹುಡುಕಿದ್ದರು. ಮೈಕ್ ಹತ್ತಿರ ಬಂದು ಅರ್ಥವಿಲ್ಲದ ಏನನ್ನೋ ಗೊಣಗಲು ಶುರು ಮಾಡುವುದು. ಏನು ಹೇಳುತ್ತಿದ್ದಾರೆ ಅಂತ ಕೇಳೋಕೆ ಜನ ಮೆಲ್ಲಗೆ ತಣ್ಣಗಾಗುತ್ತಿದ್ದರು. ಪೂರ್ತಿ ಮೌನವಾದಾಗ, ನೀವು ಇಷ್ಟು ಜೋರಾಗಿ ತಟ್ಟದಿದ್ದರೆ ಅನ್ನೋ ಬಾಲ ಮಾತ್ರ ಸ್ಪಷ್ಟವಾಗಿ ಹೇಳಿ ಮುಗಿಸುತ್ತಾರೆ. ಸಭೆ ನಗುತ್ತದೆ. ಆ ನಗು ಕೇಳಿ ನೋಡಿ, ದ್ವೇಷದ ಸಭೆಯ ಹಾಗೆ ಕೇಳಿಸಲ್ಲ.

ಅಲ್ಲಿದ್ದೆ ಅನ್ನುವವರ ಸಂಖ್ಯೆಯೂ ಏರುತ್ತಾ ಹೋಗುತ್ತದೆ. ಇದಕ್ಕೆ ಅದೇ ಕಟ್ಟಡದಲ್ಲಿ ಇನ್ನೊಂದು ಸಾಕ್ಷಿ ಇದೆ. ಹತ್ತು ವರ್ಷದ ನಂತರ, 1976ರ ಜೂನ್ 4ರಂದು, ಫ್ರೀ ಟ್ರೇಡ್ ಹಾಲ್‌ನ ಮೇಲಿನ ಚಿಕ್ಕ ಸಭಾಂಗಣದಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ರಾಕ್ ತಂಡ ಬಾರಿಸಿತು. ಬಂದಿದ್ದವರು ನಲವತ್ತರ ಸುಮಾರು. ನಾನಿದ್ದೆ ಎಂದವರನ್ನೆಲ್ಲ ಸೇರಿಸಿದರೆ ಕೆಳಗಿನ ದೊಡ್ಡ ಸಭಾಂಗಣವೂ ಸಾಲದು ಅಂತ ಆ ಊರಲ್ಲಿ ನಗೆಯಾಡುತ್ತಾರೆ.

ಪ್ರವಾಸ ಮುಗಿದ ಎರಡು ತಿಂಗಳಿಗೆ, ಜುಲೈ 29ರಂದು ಡಿಲನ್ ಮೋಟಾರ್‌ಸೈಕಲ್‌ನಿಂದ ಬಿದ್ದರು. ಆಮೇಲೆ ಏಳು ವರ್ಷಕ್ಕೂ ಹೆಚ್ಚು ಕಾಲ ಪ್ರವಾಸವೇ ಇಲ್ಲ. 1974ರ ಜನವರಿ 3ಕ್ಕೆ ಶಿಕಾಗೊದಲ್ಲಿ ಅದೇ ತಂಡದ ಜೊತೆ ಮರಳಿದರು. ಲೀವನ್ ಹೆಲ್ಮ್ ಕೂಡ ಡ್ರಮ್ ಹಿಂದೆ ಮರಳಿ ಕೂತಿದ್ದರು. ಅದೇ ಎಲೆಕ್ಟ್ರಿಕ್, ಅದೇ ಗದ್ದಲ. ಈ ಸಲ ಬರೀ ಚಪ್ಪಾಳೆ. ಅಷ್ಟರಲ್ಲಿ ರಾಕ್ ಕಾರ್ಯಕ್ರಮವನ್ನು ಹೇಗೆ ಕೇಳಬೇಕು ಅನ್ನೋದು ಜನಕ್ಕೂ, ಹೇಗೆ ಕೇಳಿಸಬೇಕು ಅನ್ನೋದು ಧ್ವನಿ ತಂತ್ರಜ್ಞರಿಗೂ ಗೊತ್ತಾಗಿತ್ತು.

1966ರ ಸಿಕ್ಕ ಟೇಪ್‌ಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ 36 ಡಿಸ್ಕ್‌ಗಳ ಪೆಟ್ಟಿಗೆ ತಂದರು. ಹೆಚ್ಚಿನವು ವೇದಿಕೆಯ ಮೈಕ್‌ನಿಂದ ಬಂದವು. ಕೆಲವು ಮಾತ್ರ ಯಾರೋ ಸಭೆಯ ನಡುವೆ ಕೂತು ಮುದ್ರಿಸಿಕೊಂಡವು. ಎಲ್ಲರೂ ಅವನ್ನು ದಾಟಿಸಿ ಮುಂದೆ ಹೋಗುತ್ತಾರೆ, ಅಷ್ಟು ಕೆಟ್ಟ ಧ್ವನಿ. ನಾನು ಒಂದು ಸಂಜೆ ಮೊದಲು ಮ್ಯಾಂಚೆಸ್ಟರ್ ಕೇಳಿ, ಹಿಂದೆಯೇ ಅಂಥದ್ದೊಂದನ್ನು ಹಾಕಿದೆ. ಆರ್ಗನ್ ಎಲ್ಲಿ, ಗಿಟಾರ್ ಎಲ್ಲಿ ಗೊತ್ತಾಗಲ್ಲ. ದೂರದಿಂದ ಡ್ರಮ್ಮಿನ ಧಬಧಬ, ಅದರ ಮೇಲೆ ಎಳೆದೆಳೆದು ಕೂಗುವ ಒಂದು ದನಿ. ಒಂದು ಪದವಾದರೂ ಸಿಗಲಿ ಅಂತ ಎರಡು ನಿಮಿಷ ಕಿವಿ ಒತ್ತಿ ಕೂತೆ. ಆಮೇಲೆ ನನಗೇ ರೇಗಿತು.